ಬಳೆಗಾರ್ತಿ ನುಂಗಿದ ಗುಳಿಗೆ

ಹಾಜಿರಾಬಿಯ ವಿಷಯದಲ್ಲಿ ನಾನು ಎರಡು ತಪ್ಪು ಮಾಡಿದ್ದೇನೆ. ಮೊದಲನೆಯದು ಪ್ರೀತಿಯಿಂದ ಮಾಡಿದ್ದು, ಅದನ್ನು ಆಕೆ ಅಂದೇ ಮನ್ನಿಸಿದಳು. ಎರಡನೆಯದು ನೆನಪಾದರೆ ಈಗಲೂ ನನ್ನ ತಲೆ ತಗ್ಗುತ್ತದೆ.

ಆಕೆ ತಿಕೋಟದ ಬಳೆಗಾರ್ತಿ. ಗಂಡ ಬಂದೇನವಾಜ ಅಲ್ಲಿಯೇ ಸೈಕಲ್ ರಿಪೇರಿ ಮಾಡುತ್ತಿದ್ದ; ಹಸೀನಾ ಎಂಬ ಒಬ್ಬಳೇ ಮಗಳು. ನಮ್ಮೂರು ಬಬಲೇಶ್ವರದ ಸಂತೆಯ ದಿನ ಹಾಜಿರಾಬಿ ಬುಟ್ಟಿ ಹೊತ್ತು ಬೆಳಗಿನ ಬಸ್ಸಿಗೆ ಬರುವಳು. ಸಂತೆ ಕೂಡುವ ಮೊದಲು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವುದು ವಾಡಿಕೆ. ಕೈ ಹಿಡಿದರೆ ಸಾಕು, ಅಳತೆ ಹೇಳಿಬಿಡುವಳು. ಹೆಬ್ಬೆರಳ ಬುಡ ಮೆಲ್ಲಗೆ ಒತ್ತಿ, ಬೆರಳು ಕೂಡಿಸಿ, ಮಾತಾಡಿಸುತ್ತಲೇ ಗಾಜನ್ನು ದಾಟಿಸುವಳು. ಎಪ್ಪತ್ತಮೂರರಲ್ಲಿ ನನ್ನ ಚೊಚ್ಚಲ ಬಸುರಿಗೆ ಕುಬಸ, ಅಂದರೆ ಸೀಮಂತ, ಮಾಡಿದಾಗ ಹಸಿರು ಬಳೆ ಇಟ್ಟವಳು ಆಕೆಯೇ. ಒಂದೂ ಒಡೆಯಲಿಲ್ಲ. ಬಸುರಿಯ ಕೈಯಲ್ಲಿ ಬಳೆ ಒಡೆದರೆ ನಮ್ಮ ಹಿರಿಯರ ಮುಖ ಸಪ್ಪಗಾಗುತ್ತದೆ. ಹಾಗಾಗಿ ನಿಡೋಣಿ, ಕಾಖಂಡಕಿಯ ಕುಬಸಗಳಿಗೂ ಹಾಜಿರಾಬಿಗೇ ಕರೆ. ಆಕೆಯ ಸಂಸಾರ ನಡೆಯುತ್ತಿದ್ದದ್ದೇ ಆ ಕರೆಗಳಿಂದ.

ಮೂವತ್ತೆರಡನೇ ವಯಸ್ಸಿಗೇ ಆಕೆಯ ಮುಟ್ಟು ನಿಂತುಹೋಯಿತು. ನಮಗ್ಯಾರಿಗೂ ಅದು ಗೊತ್ತಿರಲಿಲ್ಲ. ಕೂತಕೂತಲ್ಲೇ ಕಿವಿಯವರೆಗೆ ಬೆಂಕಿ ಏರುವುದು, ಮೈಯೆಲ್ಲ ಬೆವರಾಗಿ ಅಂಗೈ ಜಾರುವುದು. ಒಂದೇ ತಿಂಗಳಲ್ಲಿ ಎರಡು ಮನೆಗಳಲ್ಲಿ ಬಸುರಿಯರ ಕೈಯಲ್ಲೇ ಬಳೆ ಒಡೆದವು. ಹೆದರಿ ವಿಜಾಪುರಕ್ಕೆ ಹೋಗಿ ಲೇಡಿ ಡಾಕ್ಟರಿಗೆ ತೋರಿಸಿದಳು. ಮೈಯಲ್ಲಿ ಹುಟ್ಟಬೇಕಾದದ್ದು ಹುಟ್ಟುತ್ತಿಲ್ಲ, ಅದನ್ನು ಗುಳಿಗೆಯಲ್ಲಿ ಕೊಡಬೇಕು ಎಂದರು ಅವರು. ಇಪ್ಪತ್ತೊಂದು ದಿನ ನುಂಗಬೇಕು, ಏಳು ದಿನ ಬಿಡಬೇಕು. ಓದು ಬಾರದ ಹಾಜಿರಾಬಿ ಒಂದು ದಾರಕ್ಕೆ ಇಪ್ಪತ್ತೊಂದು ಬಳೆ ಪೋಣಿಸಿ, ದಿನಕ್ಕೊಂದನ್ನು ಇನ್ನೊಂದು ದಾರಕ್ಕೆ ಸರಿಸುತ್ತ ದಿನ ಎಣಿಸಿದಳು.

ಬೆಂಕಿ ಆರಿತು, ಅಂಗೈ ಒಣಗಿತು. ಆದರೆ ಗುಳಿಗೆಯ ಉಪದ್ರವ ಬೇರೆಯೇ ಶುರುವಾಯಿತು. ಮುಂಜಾನೆ ಹೊಟ್ಟೆ ತೊಳಸುವುದು; ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಗದಿದ್ದರೆ ಸೆರಗಿಗೇ ವಾಂತಿ. ಕುಪ್ಪಸ ತಾಗಿದರೂ ಎದೆ ನೋವು. ತಲೆಯ ಒಂದು ಪಕ್ಕ ಸಿಡಿತ. ಕೈಕಾಲು ಬಾತು, ತನ್ನ ಬಳೆ ತೆಗೆದು ದೊಡ್ಡ ಅಳತೆಯವನ್ನು ಹಾಕಿಕೊಳ್ಳಬೇಕಾಯಿತು. ಗುಳಿಗೆ ಬಿಟ್ಟ ಏಳು ದಿನದಲ್ಲಿ ಮುಟ್ಟಿನ ಹಾಗೆಯೇ ರಕ್ತ. ಡಾಕ್ಟರು ಅರ್ಧ ಗುಳಿಗೆಗೆ ಇಳಿಸಿದರು. ಅರ್ಧಕ್ಕೆ ಬೆವರು ಮರಳಿತು. ಕುಬಸದ ಕರೆ ಇದ್ದ ವಾರ ಆಕೆ ಯಾರನ್ನೂ ಕೇಳದೆ ಇಡೀ ಗುಳಿಗೆಯನ್ನೇ ನುಂಗುತ್ತಿದ್ದಳು. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಎಪ್ಪತ್ತೈದರ ಚಳಿಯಲ್ಲಿ ನಾನು ಕಂಡದ್ದು ಇಷ್ಟೇ. ಹಾಜಿರಕ್ಕ ಚಹಾದ ವಾಸನೆಗೆ ಮುಖ ತಿರುವಿದಳು. ಗೋಡೆಯ ಹಿಂದೆ ಹೋಗಿ ವಾಂತಿ ಮಾಡಿದಳು. ಮುಖ, ಕೈ ದುಂಡಗಾಗಿದ್ದವು. ಒಂದು ಹೆತ್ತಿದ್ದೆನಲ್ಲ, ಎಲ್ಲ ಬಲ್ಲೆನೆಂಬ ಜಂಬ ನನಗೆ.

"ಎಷ್ಟ ತಿಂಗಳಾತ ಅಕ್ಕಾ?" ಅಂದೆ.

"ಏನಿಲ್ಲ ಬಿಡ್ರಿ ತಂಗೆವ್ವ," ಎಂದು ಸೆರಗು ಹೊದ್ದುಕೊಂಡಳು. ನಾಚಿಕೆ ಅಂದುಕೊಂಡೆ.

ಊರಿಗೆಲ್ಲ ಬಳೆ ಇಡುವವಳಿಗೆ ನಾವೇ ಬಳೆ ಇಡಬೇಕೆಂದು ನನಗೆ ಉಮೇದು ಹುಟ್ಟಿತು. ಮುಂದಿನ ಸಂತೆಯ ದಿನ ಓಣಿಯ ಐದು ಹೆಂಗಸರನ್ನು ಕರೆದೆ. ಅತ್ತೆ ಸೀತವ್ವ ಮಣೆ ಹಾಕಿದರು. ಹಾಜಿರಾಬಿ ಬಂದ ಕೂಡಲೇ ರಟ್ಟೆ ಹಿಡಿದು ಕೂರಿಸಿ, ಅವಳ ಬುಟ್ಟಿಯಿಂದಲೇ ಹಸಿರು ಬಳೆ ತೆಗೆದೆವು. ಅವಳು "ಬ್ಯಾಡ್ರಿ, ಬ್ಯಾಡ್ರಿ" ಅನ್ನುತ್ತಿದ್ದಳು, ನಾವು ನಗುತ್ತಿದ್ದೆವು. ಬಾತ ಕೈಗೆ ಬಳೆ ಏರಲಿಲ್ಲ. ನಾನು ಒತ್ತಿದೆ. ಗಾಜು ಒಡೆದು ಚುಚ್ಚಿತು. ರಕ್ತ ಕಂಡು ನಗು ನಿಂತಿತು.

"ಬಸರ ಅಲ್ಲರಿ ಇದು," ಅಂದಳು ಹಾಜಿರಾಬಿ, ಯಾರ ಮುಖವನ್ನೂ ನೋಡದೆ. "ನನ್ನ ಮುಟ್ಟ ನಿಂತು ಎರಡ ವರ್ಷ ಆತು. ಗುಳಗಿ ನುಂಗಾಕತ್ತೇನಿ. ಅದರ ಬಾವು ಇದು."

ಆಕೆ ಆಗ ಸುಮ್ಮನಿದ್ದು, ನಾಲ್ಕು ತಿಂಗಳ ಮೇಲೆ ಏನೋ ಹೇಳಿ ತೇಲಿಸಿಬಿಡಬಹುದಿತ್ತು. ಹುಸಿ ಬಸುರಿಗೆ ಉಡಿ ತುಂಬಿಸಿಕೊಳ್ಳುವುದು ಆಕೆಯಿಂದಾಗಲಿಲ್ಲ. ನಾನು ಗಾಯಕ್ಕೆ ಅರಿಷಿಣ ಒತ್ತುತ್ತ ಅಳುತ್ತಿದ್ದೆ. "ನಿಮಗೇನ ಗೊತ್ತರಿ ತಂಗೆವ್ವ, ಚಲೋ ಮನಸಿಲೆ ಮಾಡೀರಿ," ಎಂದು ಆಕೆಯೇ ನನ್ನನ್ನು ಸಮಾಧಾನ ಮಾಡಿದಳು.

ಮಾತು ನಮ್ಮ ಓಣಿಯಲ್ಲಿ ನಿಲ್ಲಲಿಲ್ಲ. ಬಳೆಗಾರ್ತಿಗೆ ಯಾವುದೋ ರೋಗವಂತೆ, ಬಸುರಿಯರ ಕೈ ಹಿಡಿಸಬಾರದಂತೆ. ಕುಬಸದ ಕರೆಗಳು ಒಂದೊಂದಾಗಿ ನಿಂತವು. ಆ ಕರೆಗಳಿಗಾಗಿಯೇ ಆಕೆ ಅಷ್ಟೂ ಸಂಕಟ ಪಟ್ಟಿದ್ದಳು. ಮುಂದಿನ ಬೇಸಗೆಯಲ್ಲಿ ಎಡಗಾಲಿನ ಮೀನಖಂಡ ಕೆಂಪಗೆ ಊದಿ ಗಟ್ಟಿಯಾಯಿತು. ರಕ್ತ ಹೆಪ್ಪುಗಟ್ಟಿದೆ, ಇನ್ನು ಗುಳಿಗೆ ಮುಟ್ಟಬೇಡ ಎಂದರು ಡಾಕ್ಟರು. ಹದಿನೆಂಟು ದಿನ ಆಸ್ಪತ್ರೆಯಲ್ಲಿ ಮಲಗಿದಳು. ಎದ್ದು ಬಂದ ಮೇಲೆ ಮತ್ತೆ ಅದೇ ಬೆಂಕಿ, ಅದೇ ಬೆವರು, ಮೇಲೆ ಒಂದು ಕುಂಟು. ಸೊಂಟಕ್ಕೆ ಒಣ ಅರಿವೆ ಸಿಕ್ಕಿಸಿಕೊಂಡು, ಬಳೆಗೊಮ್ಮೆ ಕೈ ಒರೆಸಿಕೊಳ್ಳುತ್ತ, ಸಂತೆಯ ಮೂಲೆಯಲ್ಲಿ ಸಣ್ಣ ಹುಡುಗಿಯರಿಗೆ ಬಳೆ ಇಡುತ್ತಿದ್ದಳು. ನಮ್ಮ ಕಟ್ಟೆಗೆ ಬರುವುದನ್ನು ಬಿಟ್ಟಳು.

ಎಪ್ಪತ್ತೇಳರಲ್ಲಿ ನಾನು ಮತ್ತೆ ಬಸುರಿಯಾದೆ. ಕುಬಸದ ಮಾತು ಬಂದಾಗ ಅತ್ತೆ, "ಚಂದ್ರಾ, ಬಳಿ ಇಡಾಕ ಕಾಸಿಮಸಾಬಗ ಹೇಳೀನಿ. ಆಕೀ ಮೈಯಾಗ ಯಾವ ಬ್ಯಾನಿ ಐತೋ ಏನೋ," ಅಂದರು. ಅದು ಅಂಟುವ ಬೇನೆಯಲ್ಲ, ಹಾಜಿರಕ್ಕ ಇಡದಿದ್ದರೆ ನನಗೆ ಬಳೆಯೇ ಬೇಡ ಎನ್ನಲು ನನಗೆ ಬಾಯಿತ್ತು. ಐದು ಹೆಂಗಸರನ್ನು ಕೂಡಿಸಿದ ದಿನ ಎಷ್ಟು ಬಾಯಿತ್ತು. ತುಟಿ ಪಿಟ್ಟೆನ್ನದೆ ಕಾಸಿಮಸಾಬನ ಮುಂದೆ ಕೈ ಚಾಚಿದೆ.

ಎಂಟನೇ ತಿಂಗಳಲ್ಲಿ ಬಿದ್ದಾಗ ಒಂದು ಸಂಜೆ ಬಾಗಿಲಲ್ಲಿ ನಿಂತಿದ್ದೆ. ಸಂತೆ ಮುಗಿಸಿ ಬಸ್ಸಿಗೆ ಹೊರಟ ಹಾಜಿರಾಬಿ ಕುಂಟುತ್ತ ಬಂದಳು. ನಾನು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ. ಆಕೆ ಕಂಡಳು, ನಿಂತಳು, ಬುಟ್ಟಿ ಇಳಿಸಿದಳು.

"ಕೈ ತೋರಸ್ರಿ ತಂಗೆವ್ವ."

ತೋರಿಸಿದೆ. ಬಗ್ಗಿ ನೋಡಿದಳು. ಬಳೆಗಳ ಅಂಚಿನಲ್ಲಿ ಕೆಂಪು ಗೆರೆ ಎದ್ದಿದ್ದವು.

"ಬಿಗಿ ಆಗ್ಯಾವ. ಕೈ ಬಾತಾಗ ಹೆಂಗ ಕಡೀತಾವ ಅಂತ ನನಗ ಗೊತ್ತೈತಿ. ಸ್ವಲ್ಪ ಹೊತ್ತ ಕೈ ಮ್ಯಾಲ ಎತ್ತಿ ಹಿಡೀರಿ, ಆಮ್ಯಾಲ ಸಬಕಾರ ಹಚ್ಚಿ ಒಂದೊಂದ ತಗೀರಿ. ಒತ್ತಬ್ಯಾಡ್ರಿ."

"ನೀನ ತಗಿ ಅಕ್ಕಾ," ಅಂದೆ.

ಆಕೆ ಒಳಗೆ ಅತ್ತೆ ಕೂತಿದ್ದ ಕಡೆ ಒಮ್ಮೆ ನೋಡಿದಳು. ಬುಟ್ಟಿಯಿಂದ ದೊಡ್ಡ ಅಳತೆಯ ಎರಡು ಡಜನ್ ಹಸಿರು ಬಳೆ ತೆಗೆದು ಕಟ್ಟೆಯ ಮೇಲಿಟ್ಟಳು.

"ನಾ ಮುಟ್ಟೂದು ಬ್ಯಾಡ್ರಿ ತಂಗೆವ್ವ," ಅಂದು ಬಸ್ಸಿನ ಕಡೆ ನಡೆದಳು.