ಧೋಟಾ ತಾಲೀಮಿನ ಹನ್ನೊಂದನೇ ಹೆಸರು

ಇಚಲಕರಂಜಿಯಲ್ಲಿ ಬೆಳಗಿನ ಐದೂವರೆ. ಓಣಿಯ ನಾಯಿಗಳು ಇನ್ನೂ ಮೈ ಮುರಿಯುತ್ತಿವೆ, ಮುದಕವ್ವನ ಕೈ ಆಗಲೇ ಓಡುತ್ತಿದೆ. ತುಂಬಿದ ಕಾಂಡಿಯನ್ನು ಯಂತ್ರದಿಂದ ಕಿತ್ತು ಬುಟ್ಟಿಗೆ ಎಸೆಯುತ್ತಾರೆ, ಖಾಲಿಯದನ್ನು ಸಿಕ್ಕಿಸುತ್ತಾರೆ, ನೂಲಿನ ತುದಿ ಸುತ್ತಿ ಬಿಡುತ್ತಾರೆ. ಕಾಂಡಿ ಎಂದರೆ ಮಗ್ಗದ ಲಾಳಿಯೊಳಗೆ ಕೂರುವ, ನೂಲು ಸುತ್ತಿದ ಕಡ್ಡಿ. ಅದು ಖಾಲಿಯಾದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಬೈಗುಳ ಶುರುವಾಗುತ್ತದೆ. ಬುಟ್ಟಿ ತುಂಬಿದ ಕೂಡಲೇ ಅವರು ಅದನ್ನು ಸೊಂಟಕ್ಕೆ ಏರಿಸಿಕೊಂಡು ಮಗ್ಗಗಳ ನಡುವಿನ ಇಕ್ಕಟ್ಟಿಗೆ ನುಗ್ಗುತ್ತಾರೆ. ಹಿಂದೆ ಹೊರಟ ನಾನು ಎರಡು ಸಲ ಮೊಣಕೈ ತಾಗಿಸಿಕೊಂಡೆ, ಅರವತ್ತಮೂರು ವರ್ಷದ ಅವರು ಒಂದು ಸಲವೂ ಇಲ್ಲ.

ಗದ್ದಲ ಎಷ್ಟೆಂದರೆ ನನ್ನ ಮಾತು ನನಗೇ ಕೇಳುವುದಿಲ್ಲ. ಪಾಳಿ ಮುಗಿದು ಹೊರಗೆ ಚಹಾ ಕುಡಿಯುವಾಗಲೇ ಮುದಕವ್ವ ಬಾಯಿ ಬಿಡುವುದು.

"ಒಳಗ ಬಾಯಿಗೆ ಕೆಲಸಿಲ್ರಿ. ಎಲ್ಲಾ ಕೈಯಾಗ ಹೇಳ್ತೇವಿ. ಮುಷ್ಟಿ ಮಾಡಿ ಹೆಬ್ಬಟ್ಟ ಕೆಳಗ ಮಾಡಿದ್ರ ಕಾಂಡಿ ಮುಗದೈತಿ. ಎರಡ ಬಟ್ಟ ಕತ್ರಿಗತೆ ಆಡಿಸಿದ್ರ ನೂಲ ಹರದೈತಿ. ನಲವತ್ತ ವರ್ಷ ಆತ್ರಿ, ಮನ್ಯಾಗೂ ಉಪ್ಪ ಬೇಕಾದ್ರ ಕೈ ಮಾಡ್ತೇನಿ."

ರಾಯಬಾಗದ ಕಡೆಯ ಹಳ್ಳಿಯೊಂದರಿಂದ ಮದುವೆಯಾಗಿ ಬಂದವರು ಇವರು. ಗಂಡ ತಮ್ಮಣ್ಣ ಮಗ್ಗ ನಡೆಸುತ್ತಿದ್ದರು, ಈಗ ಮನೆಯಲ್ಲಿದ್ದಾರೆ. ಮುದಕವ್ವ ಇಂದಿಗೂ ದಿನಕ್ಕೆ ಎಂಟು ಗಂಟೆ, ಸಾವಿರದ ಇನ್ನೂರು ಕಾಂಡಿ. ಆದರೆ ನಾನು ಅವರನ್ನು ಹುಡುಕಿಕೊಂಡು ಹೋಗಿದ್ದು ಕಾಂಡಿಗಾಗಿ ಅಲ್ಲ, ಫುಟ್‌ಬಾಲಿಗಾಗಿ. ಮುಚ್ಚಿಹೋದ ಒಂದು ಕ್ಲಬ್ಬಿನ ಪೂರ್ತಿ ಇತಿಹಾಸ ಈ ಕಾಂಡಿ ಸುತ್ತುವ ಅಜ್ಜಿಯ ತಲೆಯಲ್ಲಿದೆ.

ಕೊಲ್ಹಾಪುರದ ಸೀಮೆಯಲ್ಲಿ ಫುಟ್‌ಬಾಲ್ ಎಂದರೆ ಊಟ ಬಿಡುವಷ್ಟು ಹುಚ್ಚು. ಕುಸ್ತಿಯ ತಾಲೀಮುಗಳ, ಅಂದರೆ ಗರಡಿಮನೆಗಳ, ಹೆಸರಿನಲ್ಲೇ ತಂಡಗಳು ಹುಟ್ಟುತ್ತವೆ. ಎಪ್ಪತ್ತೆರಡು ಮಗ್ಗಗಳ ಒಂದು ಕಾರ್ಖಾನೆಯಲ್ಲಿ, ಗಡಿಯಾಚೆಯಿಂದಲೂ ಗಡಿಯಂಚಿನಿಂದಲೂ ಬಂದ ಕನ್ನಡದ ಕೆಲಸಗಾರರು ಕೂಡಿ ಕಟ್ಟಿದ್ದು 'ಧೋಟಾ ತಾಲೀಮ ಮಂಡಳ'. ಧೋಟಾ ಎಂದರೆ ಲಾಳಿ. ಇಪ್ಪತ್ತು ವರ್ಷ ಕೆಳಗಿನ ದರ್ಜೆಯಲ್ಲೇ ಆಡಿದ ತಂಡ, ಮೇಲಿನವರು ಇದರ ಹೆಸರು ಕೇಳಿದ್ದೂ ಕಡಿಮೆ.

ಅಂಗಿ ಮುದಕವ್ವನದೇ ಹೊಲಿಗೆ. ಕಾರ್ಖಾನೆಯಲ್ಲಿ ಕಲೆ ಬಿದ್ದು ಉಳಿದ, ಬಣ್ಣ ಕಾಣದ ಕೋರಾ ಬಟ್ಟೆಯನ್ನು ಮನೆಯ ಹಂಡೆಯಲ್ಲಿ ನೀಲಿ ಬಣ್ಣ ಕುದಿಸಿ ಅದ್ದುತ್ತಿದ್ದರು. ಬೆವರಿಗೆ ಆ ಬಣ್ಣ ನಿಲ್ಲುತ್ತಿರಲಿಲ್ಲ. ಅರ್ಧ ಆಟ ಮುಗಿಯುವಷ್ಟರಲ್ಲಿ ಎದುರಾಳಿಗಳ ಅಂಗಿಯೂ ಅಷ್ಟಿಷ್ಟು ನೀಲಿಯಾಗಿರುತ್ತಿತ್ತಂತೆ.

ಬೆನ್ನ ಮೇಲಿನ ಸಂಖ್ಯೆ ಇನ್ನೂ ವಿಚಿತ್ರ. ಒಬ್ಬ ಕೆಲಸಗಾರನಿಗೆ ನಾಲ್ಕು ಮಗ್ಗ. ಅವುಗಳಲ್ಲಿ ಮೊದಲನೆಯದರ ಸಂಖ್ಯೆಯೇ ಕಾರ್ಖಾನೆಯಲ್ಲಿ ಅವನ ಹೆಸರು, ಮೈದಾನದಲ್ಲೂ ಅದೇ. ಹೀಗಾಗಿ ಧೋಟಾದ ಆಟಗಾರರು ಒಂದರಿಂದ ಹನ್ನೊಂದರವರೆಗೆ ಇರದೆ ಹದಿನೇಳು, ಇಪ್ಪತ್ತೊಂಬತ್ತು, ಅರವತ್ತೊಂದು ಎಂದು ಬರುತ್ತಿದ್ದರು. ತಮ್ಮಣ್ಣ ಹದಿನೇಳು. ಮೈದಾನದಲ್ಲೂ ಕೂಗುವ ರೂಢಿಯಿಲ್ಲ, ಎರಡು ಬೆರಳು ಕತ್ತರಿಯಾದರೆ ಚೆಂಡು ಕೊಡು ಎಂದರ್ಥ. ಎದುರಾಳಿಗಳಿಗೆ ತಲೆಬುಡ ತಿಳಿಯುತ್ತಿರಲಿಲ್ಲ.

"ಆಡಿದಾಂವ ನಾ," ಎನ್ನುತ್ತಾರೆ ತಮ್ಮಣ್ಣ, "ನೆನಪ ಅಕಿದು. ನಾ ಎಷ್ಟ ಗೋಲ ಹೊಡದೇನಿ ಅಂತ ನನಗ ಗೊತ್ತಿಲ್ಲ, ಅಕಿಗೆ ಗೊತ್ತ."

"ನಾಲ್ಕ," ಎನ್ನುತ್ತಾರೆ ಮುದಕವ್ವ. "ಅದರಾಗ ಒಂದ ನಮ್ಮ ಗೋಲಿಗೇ ಹೊಡದ್ರು."

ಮುಂದೆ ಲಾಳಿಯೇ ಬೇಡದ ಹೊಸ ಮಗ್ಗಗಳು ಬಂದವು. ಹಳೆಯವು ಗುಜರಿ ತೂಕಕ್ಕೆ ಹೋದವು, ಕೆಲಸಗಾರರು ದಿಕ್ಕಾಪಾಲಾದರು, ಕ್ಲಬ್ಬು ಮುಗಿಯಿತು. ಮುದಕವ್ವ ಲಾಳಿಯ ಮಗ್ಗ ಉಳಿದಿದ್ದ ಈಗಿನ ಕಾರ್ಖಾನೆ ಸೇರಿದರು. ಕಾಗದಪತ್ರವೆಲ್ಲ ಇದ್ದ ಟ್ರಂಕು ಪಂಚಗಂಗೆಯ ನೆರೆಯಲ್ಲಿ ಕೆಸರಾಯಿತು.

ಈ ವರ್ಷ ಗಡಹಿಂಗ್ಲಜದ ಮೈದಾನಕ್ಕೊಂದು ಹೊಸ ಗೋಡೆ ಎದ್ದಿದೆ. ಅಲ್ಲಿ ಆಡಿಹೋದ ಹಳೆಯ ತಂಡಗಳ ಹೆಸರನ್ನು ಅದರ ಮೇಲೆ ಬರೆಸಬೇಕೆಂದು ಸಮಿತಿಯ ಪದ್ಮಕುಮಾರ ಹೊರಟಿದ್ದಾರೆ. ಷರತ್ತು ಒಂದೇ: ಯಾವುದಾದರೂ ಒಂದು ಪಂದ್ಯದ ಹನ್ನೊಂದೂ ಆಟಗಾರರ ಹೆಸರು ಬೇಕು, ತಿಂಗಳ ಕೊನೆಯ ಭಾನುವಾರದೊಳಗೆ ಬೇಕು. ಸುದ್ದಿ ಕಿವಿಗೆ ಬಿದ್ದ ದಿನದಿಂದ ಮುದಕವ್ವನಿಗೆ ನಿದ್ದೆಯಿಲ್ಲ. ೨೦೦೩ರ ಫೈನಲಿನ ಹತ್ತು ಹೆಸರು ಅವರು ಬೆರಳು ಮಡಿಸುತ್ತಾ ಹೇಳಿದರು. ಹನ್ನೊಂದನೆಯವನು ಗೋಲ್‌ಕೀಪರ್, ನಲವತ್ತೈದನೇ ಮಗ್ಗದವನು. ಅವನ ಹೆಸರು ಯಾರಿಗೂ ಗೊತ್ತಿಲ್ಲ.

"ನಾ ಅವಂಗ 'ಏ ಪಂಚೇಚಾಳೀಸ' ಅಂತಿದ್ದೆ," ಎಂದು ತಮ್ಮಣ್ಣ ಮರಾಠಿಯ ಲೆಕ್ಕದಲ್ಲಿ ಹೇಳುತ್ತಾರೆ. "ಅಂವ ನನಗ 'ಸತರಾ' ಅಂತಿದ್ದ. ಎಂಟ ವರ್ಷ ಹಂಗ ನಡೀತ್ರಿ."

ಏನಾದರೊಂದು ಹೆಸರು ಹಾಕಿ, ಯಾರು ನೋಡುತ್ತಾರೆ ಎಂದು ಓಣಿಯವರು ಹೇಳಿದರು. ನಿಜ ಹೇಳಬೇಕೆಂದರೆ ನಾನೂ ಹೇಳಿದೆ. ಮುದಕವ್ವ ಚಹಾದ ಬಟ್ಟಲು ಕೆಳಗಿಟ್ಟರು.

"ಸುಳ್ಳ ಹೆಸರ ಹಾಕಿದ್ರ ಟೀಮೂ ಸುಳ್ಳ ಆಗ್ತೈತ್ರಿ. ನಮ್ಮ ಮಂದಿ ಈ ಊರಿಗೆ ಬಂದ ಬರೇ ದುಡದಾರ ಅಂತ ಎಲ್ಲಾರೂ ಹೇಳ್ತಾರ. ದುಡದೇವಿ, ಖರೆ. ಆದ್ರ ಆಡೇವಿ ಸೈತ. ಅದೊಂದ ಎಲ್ಲೆರ ಬರದ ಇರಬೇಕ." ನನಗೆ ನಾಚಿಕೆಯಾಯಿತು.

ಅವನು ಆಜರಾ ಕಡೆಯವನು, ಊರಿಗೆ ಹೋಗಿ ಬಂದಾಗಲೆಲ್ಲ ಗೋಡಂಬಿ ತಂದು ಹಂಚುತ್ತಿದ್ದ, ಎತ್ತರದ ಆಳು, ಎಡಗೈಯವನು, ಹೆಂಡತಿ ಹೌಸಾಬಾಯಿ. ಗೊತ್ತಿದ್ದದ್ದು ಇಷ್ಟೇ. ಮುದಕವ್ವ ಒಂದು ದಿನ ಕೆಲಸ ಬಿಟ್ಟು ಗಡಹಿಂಗ್ಲಜದ ಎಸ್.ಟಿ. ಸ್ಟ್ಯಾಂಡಿಗೆ ಹೋಗಿ, ಆಜರಾ ಬಸ್ಸಿನ ಕಂಡಕ್ಟರ್ ಶೀತಲ ಅವರಿಗೆ ಈ ಗುರುತನ್ನೆಲ್ಲ ಒಪ್ಪಿಸಿ ಬಂದರು. ಶೀತಲ ನಿಲ್ದಾಣ ನಿಲ್ದಾಣದಲ್ಲೂ ವಿಚಾರಿಸಿದರು. ಹನ್ನೆರಡನೇ ದಿನ ಒಬ್ಬ ಕಿರಾಣಿ ಅಂಗಡಿಯವನಿಂದ ಉತ್ತರ ಬಂತು: ಅಂಥವನೊಬ್ಬ ಇದ್ದಾನೆ, ಭಾನುವಾರ ಬಸ್ಸು ಹತ್ತಿಸಿ ಕಳಿಸುತ್ತೇನೆ. ಹೆಸರು ಕೇಳುವುದನ್ನು ಮಾತ್ರ ಎಲ್ಲರೂ ಮರೆತಿದ್ದರು.

ಭಾನುವಾರ ನಾವು ಮೂವರೂ ಗಡಹಿಂಗ್ಲಜದ ಸ್ಟ್ಯಾಂಡಿನಲ್ಲಿ ನಿಂತಿದ್ದೇವೆ. ಆಜರಾದ ಎರಡು ಬಸ್ಸು ಬಂದು ಹೋದವು. ಮೂರನೆಯದರಿಂದ ಬಿಳಿ ಟೋಪಿಯ ಎತ್ತರದ ಮುದುಕನೊಬ್ಬ ಇಳಿದು ಕಕ್ಕಾಬಿಕ್ಕಿಯಾಗಿ ಸುತ್ತ ನೋಡುತ್ತಾನೆ. ಇವನೋ ಅಲ್ಲವೋ ಎಂದು ತಮ್ಮಣ್ಣ ಗೊಣಗುತ್ತಿರುವಾಗಲೇ ಮುದಕವ್ವ ಜನರ ತಲೆಗಳ ಮೇಲೆ ಕೈಯೆತ್ತಿ ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರು. ಮುದುಕನ ಕಣ್ಣು ಆ ಬೆರಳುಗಳ ಮೇಲೆ ನಿಂತಿತು. ಆಮೇಲೆ ಅವನ ಎಡಗೈ ಮೇಲೆದ್ದಿತು, ಮುಷ್ಟಿ ಬಿಗಿಯಿತು, ಹೆಬ್ಬೆರಳು ಕೆಳಗಾಯಿತು. ಕಾಂಡಿ ಮುಗಿದಿದೆ, ತಗೊಂಡು ಬಾ. ಮೂವರೂ ನಕ್ಕ ರಭಸಕ್ಕೆ ಸ್ಟ್ಯಾಂಡಿನ ಅರ್ಧ ಜನ ತಿರುಗಿ ನೋಡಿದರು, ನನ್ನ ಕಣ್ಣಂತೂ ತುಂಬಿ ಬಂತು.

"ಅಣ್ಣಾ, ನಿಮ್ಮ ಹೆಸರೇನ್ರಿ?" ಎಂದರು ಮುದಕವ್ವ.

"ಬಾಬಾಸಾಹೇಬ." ಅವರೂ ಕೇಳಿದರು, "ನಿಮ್ಮದ ಏನ್ರಿ? ನಾವು ಕಾಂಡಿ ಅವ್ವ ಅಂತಿದ್ದಿವಿ."

ಮೈದಾನದಲ್ಲಿ ಪದ್ಮಕುಮಾರ ಅರ್ಜಿ ತುಂಬುತ್ತಾ ಪಂದ್ಯದ ಫಲಿತಾಂಶ ಕೇಳಿದಾಗ ಬಾಬಾಸಾಹೇಬರ ಮುಖ ಬಾಡಿತು. ಆ ಫೈನಲ್ ಇದೇ ಮೈದಾನದಲ್ಲಿ ನಡೆದದ್ದು. ಒಂದಕ್ಕೊಂದು ಸಮ, ಇನ್ನು ಐದೇ ನಿಮಿಷ. ಅಷ್ಟರಲ್ಲಿ ದೂರದ ಯಾವುದೋ ಕಾರ್ಖಾನೆಯ ಭೋಂಗಾ, ಅಂದರೆ ಸೈರನ್, ಕೂಗಿತು. ಭೋಂಗಾ ಆದರೆ ಪಾಳಿ ಮುಗಿಯಿತು, ಮಗ್ಗ ಬಿಡಬೇಕು. ಮೈಗೆ ಹತ್ತಿದ ಅಭ್ಯಾಸ. ಹನ್ನೊಂದು ಮಂದಿಯೂ ಆಟ ಬಿಟ್ಟು ತಲೆ ತಗ್ಗಿಸಿ ಗೇಟಿನ ಕಡೆ ನಾಲ್ಕು ಹೆಜ್ಜೆ ನಡೆದೇಬಿಟ್ಟರು. ಗೋಲ್‌ಕೀಪರ್ ಎಲ್ಲರಿಗಿಂತ ಮುಂದೆ. ಎದುರಾಳಿ ನಿಧಾನವಾಗಿ ಬಂದು ಚೆಂಡನ್ನು ಒಳಗಿಟ್ಟು ಹೋದ.

"ನನ್ನ ಸಲವಾಗಿ ಸೋತಿವ್ರಿ," ಎಂದರು ಬಾಬಾಸಾಹೇಬ. "ಅದಕ್ಕ ಕೆಲಸ ಬಿಟ್ಟ ಮ್ಯಾಲೆ ಆ ಕಡೆ ಮುಖ ತೋರ್ಸಲಿಲ್ಲ."

"ಹನ್ನೊಂದ ಮಂದೀನೂ ನಡದ್ರಲ್ಲಾ," ಎಂದರು ಮುದಕವ್ವ. "ಅಂಗಿ ಚೀಲ ಹೊತಗೊಂಡ ನಾನೂ ಎದ್ದ ನಿಂತಿದ್ನಿ."

ಬಾಬಾಸಾಹೇಬ ಅವರನ್ನೇ ನೋಡಿದರು. ಆಮೇಲೆ ಟೋಪಿ ತೆಗೆದು ಮುಖ ಒರೆಸಿಕೊಂಡು ನಗತೊಡಗಿದರು, ತಮ್ಮಣ್ಣನೂ ಸೇರಿಕೊಂಡರು, ಅವರಿಬ್ಬರ ನಗು ನಿಲ್ಲುವವರೆಗೆ ಪದ್ಮಕುಮಾರ ಪೆನ್ನು ಹಿಡಿದು ಕಾದರು. ಅರ್ಜಿಯಲ್ಲಿ ಹನ್ನೊಂದನೇ ಸಾಲು ತುಂಬಿತು.

ಪೇಂಟರ್ ಬಣ್ಣದ ಡಬ್ಬಿ ತೆಗೆದ. ಹೆಸರಿನ ಮುಂದೆ ಮಗ್ಗದ ಸಂಖ್ಯೆಯನ್ನೂ ಹಾಕಿದರೆ ಚೆಂದ, ನೋಡಿದವರು ಮೆಚ್ಚುತ್ತಾರೆ ಎಂದರು ಪದ್ಮಕುಮಾರ. ನನಗೂ ಹಾಗೇ ಅನ್ನಿಸಿತು. ಮುದಕವ್ವ ಗೋಡೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದರು.

"ನಂಬರ ಬ್ಯಾಡ್ರಿ," ಎಂದರು. "ಆ ಮಗ್ಗೆಲ್ಲಾ ಗುಜರಿಗೆ ಹೋದುವು. ಬರೇ ಹೆಸರ ಬರೀರಿ. ಭಾಳ ದಪ್ಪ ಬರೀರಿ, ಮಗ್ಗದ ಗದ್ದಲಕ್ಕ ಇವರ ಕಿವಿ ಹೋಗ್ಯಾವು, ಕಣ್ಣಿಗೆರ ಕಾಣಲಿ."