ಮನೆಮಾತು ಕನ್ನಡ, ಸಂಖ್ಯೆ ಒಂದು

ಸ್ಯಾನ್ ರಮೋನ್‌ನಲ್ಲಿ ಒಂದು ಬೆಳಿಗ್ಗೆ ಆಫೀಸಿಗೆ ಹೊರಟವಳು, ಕಾರನ್ನು ಬಲಕ್ಕೆ ತಿರುಗಿಸುವ ಅವಸರದಲ್ಲಿ ಸೈಕಲ್ ಸವಾರನೊಬ್ಬನಿಗೆ ಗುದ್ದಿದೆ. ಅವನ ಕಾಲು ಮುರಿಯಿತು. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡೆ. ಜೈಲಿನ ಬದಲು ಪ್ರೊಬೇಷನ್ ಕೊಟ್ಟರು. ಆಗಾಗ ಹೋಗಿ ಒಬ್ಬ ಅಧಿಕಾರಿಯನ್ನು ಕಾಣಬೇಕು, ಮತ್ತೆ ತಪ್ಪು ಮಾಡಬಾರದು. ಈ ವಿಷಯ ಗೊತ್ತಿದ್ದದ್ದು ನನ್ನ ಗಂಡನಿಗೆ ಮತ್ತು ಅಂದು ನನ್ನ ಜೊತೆ ಕೋರ್ಟಿಗೆ ಬಂದ ಗೆಳತಿಗೆ ಮಾತ್ರ. ಅವಳೂ ನಾನೂ ಭಾನುವಾರ ಇಲ್ಲಿನ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆವು.

ಪ್ರೊಬೇಷನ್ ಅಧಿಕಾರಿ ಮೆದು ಮಾತಿನ ಹೆಂಗಸು. ಮೊದಲ ಭೇಟಿಯಲ್ಲಿ ಕುಡಿಯಲು ನೀರು ಕೊಟ್ಟು, ಹುಟ್ಟಿದ ದೇಶ ಯಾವುದು, ಮನೆಯಲ್ಲಿ ಆಡುವ ಭಾಷೆ ಯಾವುದು ಎಂದು ಕೇಳಿದರು. ಇದೆಲ್ಲ ಯಾಕೆ ಎಂದೆ.

“ದುಭಾಷಿಗಳು ಎಲ್ಲಿ ಬೇಕಾಗುತ್ತಾರೆ ಅಂತ ತಿಳಿಯೋಕೆ ಅಷ್ಟೇ. ನಿಮ್ಮ ಹೆಸರು ಹೊರಗೆ ಹೋಗೋದಿಲ್ಲ.”

ಕನ್ನಡ ಎಂದೆ. ಅವರು ಆ ಹೆಸರನ್ನೇ ಕೇಳಿರಲಿಲ್ಲ. ಅಕ್ಷರ ಬಿಡಿಸಿ ಹೇಳಿ ಬರೆಸಿದೆ. ಆ ಭೇಟಿಯಲ್ಲಿ ನಾನು ತಲೆಯೆತ್ತಿ ಆಡಿದ ಮಾತು ಅದೊಂದೇ.

ಮರುವರ್ಷ, ಪ್ರೊಬೇಷನ್‌ನಲ್ಲಿರುವ ವಲಸಿಗರ ಅಂಕಿಅಂಶಗಳನ್ನು ಸರ್ಕಾರ ತನ್ನ ವೆಬ್‌ಸೈಟಿನಲ್ಲಿ ಪ್ರಕಟಿಸಿತು. ಹೆಸರಿರಲಿಲ್ಲ, ನಿಜ. ಆದರೆ ನಮ್ಮೂರಿನ ಸಾಲಿನಲ್ಲಿ ಹೀಗಿತ್ತು: ಭಾರತ, ಕನ್ನಡ, ಹೆಣ್ಣು, ನಲವತ್ತು ದಾಟಿದವಳು, ಅಜಾಗರೂಕ ಚಾಲನೆ. ಸಂಖ್ಯೆ ಒಂದು.

ನಾನದನ್ನು ನೋಡಿದ್ದು ನಮ್ಮ ಕನ್ನಡ ಕ್ಲಾಸಿನ ವಾಟ್ಸ್ಯಾಪ್ ಗುಂಪಿನಲ್ಲಿ. ಒಬ್ಬ ತಂದೆ ಆ ಪುಟದ ಫೋಟೋ ಹಾಕಿ, “ಯಾರಪ್ಪಾ ಇದು, ನಮ್ಮೋರು?” ಎಂದು ಕೇಳಿದ್ದರು. ಕೆಳಗೆ ನನ್ನ ಗೆಳತಿಯ ಉತ್ತರವಿತ್ತು: “ನಂಗೊತ್ತು, ಆದ್ರೆ ಹೇಳಲ್ಲ. ಪಾಪ, ಅವ್ರ ಪರ್ಸನಲ್ ವಿಷ್ಯ.”

ಅವಳಿಗೆ ಅಷ್ಟು ಹತ್ತಿರದವರು ಯಾರೆಂದು ಆ ಗುಂಪಿನಲ್ಲಿ ತಿಳಿಯದವರಿರಲಿಲ್ಲ. ಕೂಡಲೇ ಅವಳಿಗೆ ಫೋನ್ ಮಾಡಿದೆ.

“ಯಾಕೆ ಹಾಗ್ ಬರ್ದೆ?”

“ಅಯ್ಯೋ, ನಿನ್ ಹೆಸ್ರು ಎಲ್ಲೇ ಹೇಳ್ದೆ ನಾನು? ಹೇಳ್ಲೇ ಇಲ್ವಲ್ಲ!”

ಸಂಜೆ, ಯಾರದೋ ಫೋನಿನಲ್ಲಿ ಆ ಫೋಟೋ ನೋಡಿದ್ದ ಮಗಳು ಬಂದು ಬಾಗಿಲಲ್ಲೇ ನಿಂತಳು. “ಅಮ್ಮಾ, ಈಸ್ ದ್ಯಾಟ್ ಯೂ?”

ಹೌದು ಎಂದೆ. ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಕೇಳಿಸಿಕೊಂಡು, “ಆ ಸೈಕಲ್ ಅಂಕಲ್, ಈಸ್ ಹೀ ಓಕೆ?” ಎಂದಳು. ಗುಂಪಿನಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಈಗ ನಡೀತಾರಂತೆ ಪುಟ್ಟಾ ಎಂದೆ. ನನಗೆ ಅಳು ತಡೆಯಲಾಗಲಿಲ್ಲ.

ಮುಂದಿನ ಭೇಟಿಯಲ್ಲಿ ಅಧಿಕಾರಿಗೆ ಫೋನಿನಲ್ಲಿದ್ದ ಫೋಟೋ ತೋರಿಸಿದೆ. ಅವರ ಮುಖ ಕೆಂಪಾಯಿತು. “ನಾವು ಮೇಲಕ್ಕೆ ಕಳಿಸ್ತೀವಿ, ಅಷ್ಟೇ. ಹೀಗೆ ಹಾಕ್ತಾರೆ ಅಂತ ನನಗೂ ಹೇಳಿರಲಿಲ್ಲ,” ಎಂದರು. ಅವರ ಮಾತು ಸುಳ್ಳೆನಿಸಲಿಲ್ಲ. ಆದರೂ ಅವರು ಕೊಟ್ಟ ನೀರನ್ನು ಅಂದು ಮುಟ್ಟಲಿಲ್ಲ. ದೂರು ಬರೆದೆ. ಎಷ್ಟೋ ವಾರಗಳ ನಂತರ ನನ್ನ ಸಾಲನ್ನು ‘ಇತರೆ ಭಾಷೆಗಳು’ ಎಂಬುದರೊಳಗೆ ಸೇರಿಸಿದರು. ಅಷ್ಟರಲ್ಲಿ ಆ ಫೋಟೋ ಸ್ಯಾನ್ ಹೊಸೆ ಊರಿನಲ್ಲಿರುವ ನಮ್ಮ ನೆಂಟರ ಮನೆಯನ್ನೂ ಮುಟ್ಟಿತ್ತು.

ಕ್ಲಾಸಿನಿಂದ ಸ್ವಲ್ಪ ದಿನ ದೂರ ಇದ್ದರೆ ಒಳ್ಳೆಯದು ಎಂದು ಪಾಲಕರು ಹೇಳಿಕಳಿಸಿದರು. ಹೇಳಲು ಬಂದವಳು ಆ ಗೆಳತಿಯೇ. ನಾನು ಮತ್ತೆ ಅತ್ತ ಹೋಗಲಿಲ್ಲ.

ಪ್ರೊಬೇಷನ್ ಮುಗಿದ ಮೇಲೊಮ್ಮೆ ಇಂಡಿಯನ್ ಗ್ರೋಸರಿಯಲ್ಲಿ ಎದುರಾದಳು. “ಇನ್ನೂ ಕೋಪಾನೇನೇ?” ಎಂದು ಕೈ ಹಿಡಿದುಕೊಂಡಳು. ಕೋಪವಾಗಿದ್ದರೆ ಅಲ್ಲೇ ಜಗಳವಾಡಿ ಮುಗಿಸಿಬಿಡುತ್ತಿದ್ದೆನೇನೋ. ಮೆಲ್ಲಗೆ ಕೈ ಬಿಡಿಸಿಕೊಂಡು, ಗಾಡಿ ತಳ್ಳುತ್ತಾ ಸೊಪ್ಪು ಇಟ್ಟಿದ್ದ ಕಡೆಗೆ ನಡೆದೆ.