ಯಾರೂ ಕೂಗದ ಸಭಾಂಗಣ

"ಅಮ್ಮಾ, ಮೇಲಿನ ಮನೆ ಓಜಿಸಾನ್‌ಗೆ ನನ್ನ ಮೇಲೆ ಕೋಪಾನಾ? ಬೆಳಿಗ್ಗೆ ಎಷ್ಟು ಕರೆದ್ರೂ ತಿರುಗೇ ನೋಡ್ಲಿಲ್ಲ."

ರಿಂಕಾ ಹೀಗೆ ಕೇಳಿದಾಗ ಚಿಗುಸಾ ಅವಳ ಶಿಶುವಿಹಾರದ ಬೂಟು ಉಜ್ಜುತ್ತಿದ್ದಳು. "ಮಾಸ್ಕ್ ಒಳಗೇ ಗೊಣಗಿದ್ರೆ ಯಾರಿಗೆ ಕೇಳ್ಸತ್ತೆ?" ಎಂದೇನೋ ಮಗಳನ್ನು ಸುಮ್ಮನಾಗಿಸಿದಳು. ಆದರೆ ಪ್ರಶ್ನೆ ಅವಳನ್ನು ಬಿಡಲಿಲ್ಲ. ಕೊರೊನಾದ ಆ ವರ್ಷ ಜಪಾನಿನ ತಕಾಸಾಕಿ ಊರಲ್ಲಿ ಎಲ್ಲರ ಬಾಯಿಯೂ ಮಾಸ್ಕಿನಲ್ಲಿ ಮುಚ್ಚಿತ್ತು. ಆದರೂ ಕರೆದರೆ ಜನ ತಿರುಗುತ್ತಿದ್ದರು. ರಿಂಕಾ ಓಜಿಸಾನ್, ಅಂದರೆ ಮಾಮ, ಎಂದು ಕರೆಯುವ ಮೇಲಿನ ಮನೆಯ ಒರಿಕಾಸಾ ಮಾತ್ರ ತಿರುಗುತ್ತಿರಲಿಲ್ಲ.

ಒರಿಕಾಸಾ ಆಸ್ಪತ್ರೆಗಳ ಹಾಸಿಗೆಬಟ್ಟೆ ಸಾಗಿಸುವ ವ್ಯಾನಿನ ಚಾಲಕರು. ಒಂಟಿ ಜೀವ. ಮೀಸೆ ಚಿಗುರುವ ವಯಸ್ಸಿನಿಂದಲೂ ಊರಿನ ನೆಲಮಾಳಿಗೆಯ ರಾಕ್ ಕಾರ್ಯಕ್ರಮಗಳಲ್ಲಿ ಸ್ಪೀಕರಿಗೆ ಒರಗಿ ನಿಂತು ಬೆಳೆದವರು. ಒಂದು ಪುಟ್ಟ ಸಂಗೀತ ಪತ್ರಿಕೆಗೆ ರಾಕ್ ತಂಡಗಳ ಲೈವ್ ಡಿವಿಡಿಗಳ ವಿಮರ್ಶೆ ಬರೆಯುತ್ತಿದ್ದರು. ಅವರು ಒಳ್ಳೆಯದು ಎಂದರೆ ಕಣ್ಣು ಮುಚ್ಚಿ ಕೊಳ್ಳುವ ಓದುಗರಿದ್ದರು. ಒಂದೇ ಸಲ ನೋಡಿ ಬರೆದವರಲ್ಲ. ಮೊದಲು ಕಣ್ಮುಚ್ಚಿ ಬರೀ ಕೇಳುವುದು, ಆಮೇಲೆ ದನಿ ಪೂರ್ತಿ ಇಳಿಸಿ ಡ್ರಮ್ ಬಾರಿಸುವವನ ಕಾಲನ್ನೇ ನೋಡುವುದು, ಕಡೆಗೆ ಒಂದು ಬಿಯರ್ ತೆರೆದು ಅಭಿಮಾನಿಯ ಹಾಗೆ ನೋಡುವುದು. ರಿಂಕಾ ಹಸುಗೂಸಾಗಿದ್ದಾಗ, ಮಗು ಮಲಗಿದೆಯೇ ಎಂದು ಕೆಳಗಿಳಿದು ಬಂದು ಕೇಳಿಯೇ ಟಿವಿ ಹಚ್ಚುತ್ತಿದ್ದ ಮನುಷ್ಯ. ಈಚೆಗೆ ಮಾತ್ರ ಚಿಗುಸಾಳ ಮನೆಯ ಚಾವಣಿ ಗಡಗಡ ಎನ್ನುತ್ತಿತ್ತು.

ಆ ವಾರ ಬಂದ ವಿಮರ್ಶೆ ಮೊಗುರಾ ಎಂಬ ತಂಡದ ಡಿವಿಡಿಯದು. 'ಗಾಯಕ ಮೈಕನ್ನು ಜನರತ್ತ ತಿರುಗಿಸಿದ್ದೇ ತಡ, ಇಡೀ ಸಭಾಂಗಣ ಗಂಟಲು ಹರಿಯುವಂತೆ ಹಾಡುತ್ತದೆ. ಆ ಕೂಗಿಗಾಗಿಯಾದರೂ ಇದನ್ನು ಕೊಳ್ಳಿ' ಎಂದು ಒರಿಕಾಸಾ ಬರೆದಿದ್ದರು. ಆ ವರ್ಷ ಸಭಾಂಗಣಗಳಲ್ಲಿ ಯಾರೂ ಬಾಯಿ ಬಿಡುವಂತಿರಲಿಲ್ಲ, ಚಪ್ಪಾಳೆಯೊಂದೇ. ಆ ವರ್ಷವೇ ಚಿತ್ರೀಕರಿಸಿದ ಆ ಡಿವಿಡಿಯಲ್ಲಿ ಮೊದಲಿಂದ ಕೊನೆಯವರೆಗೆ ಜನರದ್ದು ಒಂದು ಪಿಸುಮಾತೂ ಇರಲಿಲ್ಲ.

ಸಂಜೆ ಚಿಗುಸಾ ಮೂಲಂಗಿ ಹಾಕಿ ಕುದಿಸಿದ ಅಗಲ ಶಾವಿಗೆಯ ಪಾತ್ರೆ ಹಿಡಿದು ಮಹಡಿ ಹತ್ತಿದಳು. ಬಾಗಿಲು ತಟ್ಟಿ ತಟ್ಟಿ ಸಾಕಾಗಿ ತಾನೇ ತೆರೆದಳು. ಒರಿಕಾಸಾ ಫೋನು ಹಿಡಿದು ಕುಳಿತಿದ್ದರು.

"ಓದುಗರು ಬರೆದಿದ್ದು ಓದಿದ್ರಾ, ರಿಂಕಾನ ಅಮ್ಮ? ಜನ ಹೊಟ್ಟೆಯಿಂದ ಹಾಡಿದ್ರಾ ಅಂತ ಒಬ್ಬ ಕೇಳಿದಾನೆ. ಇನ್ನೊಬ್ಬ, ಒರಿಕಾಸಾಗೆ ದೆವ್ವಗಳ ಕೂಗು ಕೇಳ್ಸತ್ತೆ ಬಿಡಿ ಅಂದಿದಾನೆ!" ನಗಲು ನೋಡಿದರು, ಆಗಲಿಲ್ಲ.

ಚಿಗುಸಾ ಹೊಸ್ತಿಲಲ್ಲೇ ನಿಂತು ಮಾಸ್ಕ್ ಕೆಳಗೆಳೆದಳು. "ಕಿವಿ ಯಾವಾಗಿಂದ ಹೀಗೆ?"

"ಕಿವಿಗೇನಾಗಿದೆ?"

"ನಮ್ಮ ಚಾವಣೀನ ಕೇಳಿ, ಹೇಳತ್ತೆ. ಬೆಳಿಗ್ಗೆ ರಿಂಕಾ ಅಷ್ಟು ಕೂಗಿದ್ಲು. ಓಜಿಸಾನ್‌ಗೆ ನನ್ನ ಮೇಲೆ ಕೋಪ ಅಂತ ಮುಖ ಊದಿಸ್ಕೊಂಡು ಕೂತಿದಾಳೆ."

ಓದುಗರ ಕುಹಕ ತಾಳಿಕೊಂಡಿದ್ದ ಮುಖ ಆ ಮಾತಿಗೆ ಕುಸಿಯಿತು. "ಅಯ್ಯೋ, ಮಗೂಗೆ ಹಾಗನ್ನಿಸ್ತಾ?"

ಆಮೇಲೆ ಅವರೇ ಹೇಳಿದರು. "ಬಾಯಿ ಕಂಡ್ರೆ ಹೇಗೋ ಸಂಭಾಳಿಸ್ತಿದ್ದೆ. ಈಗ ಊರೇ ಬಾಯಿ ಮುಚ್ಕೊಂಡಿದೆ. ಡಿವಿಡೀಲಿ ಕೈ ಎತ್ತಿದ್ರು, ಭುಜ ಕುಣಿಸಿದ್ರು, ಗಾಯಕ ಮೈಕ್ ತಿರುಗಿಸಿದ. ಕೂಗಬಾರದು ಅನ್ನೋ ನಿಯಮ ಗೊತ್ತಿತ್ತು. ಆದ್ರೆ ಮೊಗುರಾ ಹುಡುಗ್ರು ನಿಯಮ ಕೇಳೋ ಜಾತಿನಾ? ಹಾಡೇ ಹಾಡ್ತಿದಾರೆ, ನನಗೇ ಕೇಳ್ತಿಲ್ಲ ಅಂದ್ಕೊಂಡೆ. ಹಳೇ ಕಾರ್ಯಕ್ರಮದ ಕೂಗು ನೆನಪಿತ್ತಲ್ಲ, ಅದನ್ನೇ ತಂದು ತುಂಬಿಸಿದೆ."

"ನಾಳೆ ನಾನೇ ಜೊತೆಗೆ ಬರ್ತೀನಿ, ಡಾಕ್ಟರಿಗೆ ತೋರಿಸೋಣ. ಯಂತ್ರ ಹಾಕಿಸ್ಕೊಂಡ್ರಾಯ್ತು."

"ತೋರಿಸಿಯಾಯ್ತು. ಯಂತ್ರದಲ್ಲಿ ಮಾತು ಒಂಚೂರು ಕೇಳ್ಸತ್ತೆ. ಹಾಡು ಮಾತ್ರ ತಗಡು ಬಡಿದ ಹಾಗೆ. ಅದೂ ಎಷ್ಟು ದಿನವೋ ಅಂದ್ರು."

"ಹಾಗಾದ್ರೆ ಸಂಪಾದಕರಿಗೆ ನಿಜ ಹೇಳಿಬಿಡಿ. ಅವರೇನು ಮನುಷ್ಯರಲ್ವಾ?"

"ಯಾವಾಗಿಂದ ಅಂತ ಕೇಳ್ತಾರೆ, ನೀವು ಕೇಳಿದ ಹಾಗೇ. ನನಗೇ ಗೊತ್ತಿಲ್ಲ, ರಿಂಕಾನ ಅಮ್ಮ. ಹೋದ ವರ್ಷ ಬರೆದಿದ್ದು ಕೇಳಿ ಬರೆದಿದ್ದಾ, ನೆನಪಿಂದ ಬರೆದಿದ್ದಾ? ಅದರ ಹಿಂದಿನದು?"

ಶಾವಿಗೆ ಆರುತ್ತದೆ, ತಿನ್ನಿ ಎಂದು ಚಿಗುಸಾ ಪಾತ್ರೆ ಮುಂದೆ ಸರಿಸಿದಳು. ಅಷ್ಟರಲ್ಲಿ ಅವರ ಕೈಯಲ್ಲಿದ್ದ ಫೋನು ನಡುಗಿತು. ಸಂಪಾದಕರ ಹೆಸರು. ಒರಿಕಾಸಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಅವಳತ್ತ ಚಾಚಿದರು.

"ನೀವು ಮಾತಾಡಿ. ಕೆಳಗಿನ ಮನೆಯವಳು ಅನ್ನಿ. ಒರಿಕಾಸಾ ಕುಡಿದು ಬಿದ್ದಿದಾನೆ, ಡಿವಿಡಿ ನೋಡ್ದೇ ಬರೆದೆ ಅಂತ ಒಪ್ಕೊಂಡ ಅನ್ನಿ. ಇನ್ನು ಬರೆಯಲ್ಲವಂತೆ ಅಂತಾನೂ ಹೇಳಿ. ಸೋಮಾರಿ ಅಂತ ಬೈದ್ರೆ ಇದೊಂದು ಬರಹ ಹೋಗತ್ತೆ. ಕಿವುಡ ಅಂತ ಗೊತ್ತಾದ್ರೆ ಬರೆದಿದ್ದೆಲ್ಲಾ ಹೋಗತ್ತೆ. ಕಿವಿ ವಿಷಯ ಮಾತ್ರ ಎತ್ತಬೇಡಿ. ಇದೊಂದು ಉಪಕಾರ ಮಾಡಿಕೊಡಿ, ದಮ್ಮಯ್ಯ."